ಆಕ್ಟೇನ್ ಸಂಖ್ಯೆ: ಪೆಟ್ರೋಲಿನ ಸೇರ್ಪಡೆಗಳು ಮತ್ತು ಸೊಲ್ಲಾಪುರ–ಅಕ್ಕಲಕೋಟೆ ಸೀಮೆ

ಆಕ್ಟೇನ್ ಸಂಖ್ಯೆ ಎಂಬುದು ಪೆಟ್ರೋಲಿನ ತಾಳಿಕೆಯ ಅಳತೆ. ಇಂಜಿನ್ನಿನ ಸಿಲಿಂಡರಿನೊಳಗೆ ಒತ್ತಡವೂ ಶಾಖವೂ ಏರುತ್ತಿರುವಾಗ ತಾನಾಗಿ ಹೊತ್ತಿಕೊಳ್ಳದೆ, ಕಿಡಿಯಿಂದ ಹೊರಟ ಜ್ವಾಲೆ ಬಳಿಗೆ ಬರುವ ತನಕ ಕಾಯುವ ಗುಣ ಯಾವ ಪೆಟ್ರೋಲಿಗೆ ಹೆಚ್ಚೋ ಅದರ ಆಕ್ಟೇನ್ ಸಂಖ್ಯೆ ಹೆಚ್ಚು. ಇದು ಇಂಧನದ ಕಸುವಿನ ಅಳತೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಆದರೆ ಅದರ ಆಕ್ಟೇನ್ ಸಂಖ್ಯೆ ಪೆಟ್ರೋಲಿಗಿಂತ ಬಹಳ ಮೇಲೆ. ಈ ಒಂದು ಸಂಖ್ಯೆಯನ್ನು ಎತ್ತರಿಸುವುದಕ್ಕಾಗಿ ಕಳೆದ ನೂರು ವರ್ಷಗಳಲ್ಲಿ ಪೆಟ್ರೋಲಿಗೆ ಸೀಸ ಸೇರಿತು, ಬೆಂಜೀನ್ ಬಳಗದ ಸಂಯುಕ್ತಗಳು ಸೇರಿದವು, ಈಥರುಗಳು ಬಂದವು, ಈಗ ಕಬ್ಬಿನ ಆಲ್ಕೋಹಾಲು ಬಂದಿದೆ. ಪ್ರತಿ ಸಲವೂ ಅದರ ಬೆಲೆಯನ್ನು ವಾಹನ ಓಡಿಸುವವರಷ್ಟೇ ಅಲ್ಲ, ವಾಹನವೇ ಇಲ್ಲದವರೂ ತೆತ್ತಿದ್ದಾರೆ.

ಕನ್ನಡ ಮಾತಾಡುವ ನಾಡಿನಲ್ಲಿ ಈ ಕಥೆಯ ಎರಡು ತುದಿಗಳೂ ಒಂದೇ ಕಡೆ ಕಾಣುವುದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ. ಮುಂಬೈಯ ಮಾಹುಲ್‌ನಲ್ಲಿರುವ ಹಿಂದೂಸ್ತಾನ್ ಪೆಟ್ರೋಲಿಯಂ ಕಂಪನಿಯ ಶುದ್ಧೀಕರಣಾಗಾರದಿಂದ ಹೊರಟ ಮುಂಬೈ–ಪುಣೆ–ಸೊಲ್ಲಾಪುರ ಕೊಳವೆಮಾರ್ಗ 508 ಕಿಲೋಮೀಟರ್ ಉದ್ದದ್ದು. ಸೊಲ್ಲಾಪುರದ ಹೊರಗೆ ಪುಣೆ ದಾರಿಯಲ್ಲಿರುವ ಪಾಕಣಿಯಲ್ಲಿ ಅದು ಮುಗಿಯುತ್ತದೆ. ಅಕ್ಕಲಕೋಟೆ, ಮೈಂದರ್ಗಿ, ದುಧನಿಯ ಪಂಪುಗಳಿಗೆ ಟ್ಯಾಂಕರುಗಳು ಹೋಗುವುದು ಇಂಥ ಡಿಪೋಗಳಿಂದ. ಇನ್ನೊಂದು ತುದಿ ಹೊಲದಲ್ಲಿದೆ. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ಸೊಲ್ಲಾಪುರವೇ. ಆ ಕಾರ್ಖಾನೆಗಳ ಡಿಸ್ಟಿಲರಿಗಳಲ್ಲಿ ಕಾಕಂಬಿಯಿಂದ ಇಳಿಸಿದ ಎಥನಾಲು ಅದೇ ಡಿಪೋಗಳಿಗೆ ಟ್ಯಾಂಕರಿನಲ್ಲಿ ಬಂದು ಪೆಟ್ರೋಲಿನೊಳಗೆ ಸೇರುತ್ತದೆ. ಹೀಗಾಗಿ ಇಲ್ಲಿಯ ರೈತ ತಾನು ಬೆಳೆದದ್ದರ ಒಂದಂಶವನ್ನೇ ತನ್ನ ಬೈಕಿಗೆ ಹಾಕಿಸಿಕೊಳ್ಳುತ್ತಿದ್ದಾನೆ.

ನಾಕಿಂಗ್ ಎಂಬ ಬಡಿತ

ಇವತ್ತಿನ ಸಾಮಾನ್ಯ ಬೈಕಿನ ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿ ಬೆರೆತ ಗಾಳಿಯನ್ನು ಪಿಸ್ಟನ್ನು ಅದರ ಮೂಲ ಗಾತ್ರದ ಒಂಬತ್ತನೆಯ ಅಥವಾ ಹತ್ತನೆಯ ಒಂದು ಭಾಗಕ್ಕೆ ಅದುಮುತ್ತದೆ. ಹೆಚ್ಚು ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ; ಇದು ಉಷ್ಣಶಾಸ್ತ್ರದ ನಿಯಮ, ಇಂಜಿನ್ ತಯಾರಕರೆಲ್ಲ ಅದರ ಬೆನ್ನು ಹತ್ತಿದವರೇ. ಅದುಮಿದ ಗಾಳಿ ಕಾಯುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹುಟ್ಟಿದ ಜ್ವಾಲೆ ಒಂದು ಬದಿಯಿಂದ ಹರಡುತ್ತ ಹೋಗುವಾಗ, ಉರಿದ ಭಾಗ ಹಿಗ್ಗಿ ಇನ್ನೂ ಉರಿಯದ ಮೂಲೆಯ ಮಿಶ್ರಣವನ್ನು ಮತ್ತಷ್ಟು ಒತ್ತುತ್ತದೆ. ಆ ಮೂಲೆಯ ಇಂಧನ ತಾಳಲಾರದೆ ಹೋದರೆ ಜ್ವಾಲೆ ಬರುವ ಮೊದಲೇ ಒಮ್ಮೆಗೇ ಹೊತ್ತಿಕೊಂಡು ಸಿಡಿಯುತ್ತದೆ. ಆ ಸಿಡಿತದ ಒತ್ತಡದ ಅಲೆ ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ತಲೆಗೂ ಬಡಿದಾಗ ಕೇಳುವ ಲೋಹದ ಸದ್ದನ್ನೇ ಮೆಕ್ಯಾನಿಕರು ನಾಕಿಂಗ್ ಎನ್ನುತ್ತಾರೆ. ಅಪರೂಪಕ್ಕೆ ಬಂದು ಹೋದರೆ ಹಾನಿ ಇಲ್ಲ. ಬಿಡದೆ ಬಡಿದರೆ ಪಿಸ್ಟನ್ನು ತೂತಾಗುವುದೂ ಉಂಟು.

ಈ ಸೀಮೆಯ ಹವೆ ಬಡಿತಕ್ಕೆ ಅನುಕೂಲವಾದದ್ದು. ಸೊಲ್ಲಾಪುರದ ಏಪ್ರಿಲ್–ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ವಾಡಿಕೆ. ಕಾದ ಗಾಳಿ ಎಳೆದುಕೊಂಡ ಇಂಜಿನ್ನಿನಲ್ಲಿ ಅದುಮುವ ಮೊದಲೇ ಶಾಖ ಹೆಚ್ಚಿರುತ್ತದೆ. ಅದರ ಮೇಲೆ ಭಾರ ಹೊತ್ತ ಬೈಕನ್ನು ಮೇಲಿನ ಗೇರಿನಲ್ಲೇ ನಿಧಾನವಾಗಿ ಏರು ಹತ್ತಿಸಿದರೆ ನಾಕಿಂಗ್ ಶುರುವಾಗುತ್ತದೆ. ಹಳೆಯ ಇಂಜಿನ್ನಿನಲ್ಲಿ ಕಟ್ಟಿದ ಕರಿಯೂ ಇದಕ್ಕೆ ನೆರವಾಗುತ್ತದೆ, ಏಕೆಂದರೆ ಅದು ಸಿಲಿಂಡರಿನ ಜಾಗ ತಿಂದು ಅದುಮುವಿಕೆಯನ್ನು ಹೆಚ್ಚಿಸುತ್ತದೆ. ಹೊಸ ಕಾರುಗಳಲ್ಲಿ ಬಡಿತ ಗುರುತಿಸುವ ಸೆನ್ಸಾರ್ ಇದೆ. ಬಡಿತ ಕೇಳಿಸಿದ ಕೂಡಲೇ ಅದು ಕಿಡಿಯನ್ನು ಒಂದಿಷ್ಟು ತಡಮಾಡಿಸುತ್ತದೆ. ಇಂಜಿನ್ ಉಳಿಯುತ್ತದೆ, ಪಿಕಪ್ಪು ಮತ್ತು ಆವರೇಜು ಇಳಿಯುತ್ತವೆ. ಕಡಿಮೆ ಆಕ್ಟೇನಿನ ದಂಡವನ್ನು ಇಂಥ ಕಾರಿನ ಒಡೆಯ ಸದ್ದೇ ಕೇಳದೆ ಕಟ್ಟುತ್ತಿರುತ್ತಾನೆ.

ಅಳೆಯುವ ಬಗೆ

ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಬಡಿತಕ್ಕೆ ಕಾರಣ ಇಂಧನವೇ ಎಂಬುದನ್ನು ಪ್ರಯೋಗಗಳಿಂದ ತೋರಿಸಿದವರಲ್ಲಿ ಮೊದಲಿಗರು. ಅಳತೆಗೋಲು ಒದಗಿಸಿದವರು ಅಮೆರಿಕದ ಗ್ರಹಾಂ ಎಡ್ಗರ್. 1926ರ ಸುಮಾರಿಗೆ ಅವರು ಎರಡು ಶುದ್ಧ ದ್ರವಗಳನ್ನು ಆರಿಸಿಕೊಂಡರು. ಬಡಿತವನ್ನು ಚೆನ್ನಾಗಿ ತಡೆಯುವ ಐಸೊ-ಆಕ್ಟೇನಿಗೆ 100, ಬೇಗ ಬಡಿಯುವ ನಾರ್ಮಲ್ ಹೆಪ್ಟೇನಿಗೆ 0. ಆ ಕಾಲದಲ್ಲಿ ಶುದ್ಧ ಹೆಪ್ಟೇನು ಸಿಗುತ್ತಿದ್ದುದು ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ. 91 ಆಕ್ಟೇನಿನ ಪೆಟ್ರೋಲ್ ಎಂದರೆ ನೂರರಲ್ಲಿ 91 ಪಾಲು ಐಸೊ-ಆಕ್ಟೇನು, 9 ಪಾಲು ಹೆಪ್ಟೇನು ಬೆರೆಸಿದ ದ್ರವ ಎಷ್ಟು ತಾಳುತ್ತದೋ ಅಷ್ಟೇ ತಾಳುವ ಪೆಟ್ರೋಲ್ ಎಂದರ್ಥ. ಅದರಲ್ಲಿ ನಿಜವಾಗಿ 91 ಪಾಲು ಆಕ್ಟೇನ್ ಇರಬೇಕೆಂದಿಲ್ಲ.

ಪರೀಕ್ಷೆ ನಡೆಯುವುದು ಒಂದೇ ಸಿಲಿಂಡರಿನ ವಿಶೇಷ ಇಂಜಿನ್ನಿನಲ್ಲಿ. ಓಡುತ್ತಿರುವಾಗಲೇ ಅದರ ಅದುಮುವಿಕೆಯನ್ನು ಏರಿಸಿ ಇಳಿಸಬಹುದು. ನಿಮಿಷಕ್ಕೆ 600 ಸುತ್ತಿನ ಹಗುರ ಪರೀಕ್ಷೆಯಲ್ಲಿ ಬರುವುದು ರಿಸರ್ಚ್ ಆಕ್ಟೇನ್. 900 ಸುತ್ತಿನಲ್ಲಿ, ಒಳಬರುವ ಮಿಶ್ರಣವನ್ನು 149 ಡಿಗ್ರಿಗೆ ಕಾಯಿಸಿ ನಡೆಸುವ ಕಠಿಣ ಪರೀಕ್ಷೆಯಲ್ಲಿ ಬರುವುದು ಮೋಟರ್ ಆಕ್ಟೇನ್. ಒಂದೇ ಪೆಟ್ರೋಲಿಗೆ ಎರಡನೆಯದು ಎಂಟು–ಹತ್ತು ಅಂಕ ಕಡಿಮೆ ಬರುತ್ತದೆ. ಭಾರತದಲ್ಲಿ ಜಾಹೀರು ಮಾಡುವುದು ಮೊದಲನೆಯದನ್ನು. ಅಮೆರಿಕದ ಪಂಪುಗಳಲ್ಲಿ ಬರೆಯುವುದು ಎರಡರ ಸರಾಸರಿಯನ್ನು. ಅಲ್ಲಿರುವ ನಮ್ಮ ಮಕ್ಕಳು ಊರಿಗೆ ಬಂದಾಗ ಅಲ್ಲಿಯ 87 ಇಲ್ಲಿಯ 91ಕ್ಕಿಂತ ಕೀಳು ಎಂದುಕೊಳ್ಳುವುದಕ್ಕೆ ಈ ವ್ಯತ್ಯಾಸವೇ ಕಾರಣ. ನಿಜದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಭಾರತ್ ಸ್ಟೇಜ್ 6ರ ಮಾನದಂಡ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂತು. ಅದರ ಪ್ರಕಾರ ಸಾಮಾನ್ಯ ಪೆಟ್ರೋಲಿನ ರಿಸರ್ಚ್ ಆಕ್ಟೇನ್ ಕನಿಷ್ಠ 91, ಮೋಟರ್ ಆಕ್ಟೇನ್ ಕನಿಷ್ಠ 81, ಗಂಧಕ ಹತ್ತು ಲಕ್ಷಕ್ಕೆ 10 ಭಾಗವನ್ನು ಮೀರುವಂತಿಲ್ಲ.

ಶುದ್ಧೀಕರಣಾಗಾರದೊಳಗೆ

ಕಚ್ಚಾತೈಲವನ್ನು ಕಾಯಿಸಿ ಬಟ್ಟಿ ಇಳಿಸಿದಾಗ ನೇರವಾಗಿ ಸಿಗುವ ನಾಫ್ತಾದ ಆಕ್ಟೇನ್ ಬರಿ 60–70ರ ಆಸುಪಾಸು. ಅಣುಗಳು ಉದ್ದನೆಯ ಸರಪಳಿಗಳಾಗಿರುವುದೇ ಕಾರಣ. ಉದ್ದ ಸರಪಳಿ ಬೇಗ ಮುರಿದು ಹೊತ್ತಿಕೊಳ್ಳುತ್ತದೆ, ಕವಲೊಡೆದ ಅಣುವೂ ಉಂಗುರದ ಅಣುವೂ ತಾಳುತ್ತವೆ. ಹಾಗಾಗಿ ಪೆಟ್ರೋಲ್ ತಯಾರಿಕೆ ಎಂದರೆ ಬಹುಪಾಲು ಅಣುಗಳ ಆಕಾರ ಬದಲಿಸುವ ಕೆಲಸ. ಪ್ಲಾಟಿನಂ ಕ್ರಿಯಾವರ್ಧಕದ ಮೇಲೆ ಹಾಯಿಸಿ ಸರಪಳಿಗಳನ್ನು ಉಂಗುರ ಮಾಡುವ ವಿಧಾನವನ್ನು ವ್ಲಾದಿಮಿರ್ ಹೇನ್ಸೆಲ್ ರೂಪಿಸಿದರು. 1949ರಲ್ಲಿ ಅದು ಕಾರ್ಖಾನೆಯ ಮಟ್ಟಕ್ಕೆ ಬಂತು. ಅದರಿಂದ ಬರುವ ರಿಫಾರ್ಮೇಟಿನ ಆಕ್ಟೇನ್ 95ನ್ನೂ ಮೀರುತ್ತದೆ. ಭಾರವಾದ ತೈಲವನ್ನು ಒಡೆಯುವ ಘಟಕ, ಹಗುರ ನಾಫ್ತಾವನ್ನು ಕವಲೊಡೆಸುವ ಐಸೊಮರೀಕರಣ ಘಟಕ, ಸಣ್ಣ ಅಣುಗಳನ್ನು ಬೆಸೆಯುವ ಆಲ್ಕಿಲೀಕರಣ ಘಟಕ, ಇವುಗಳಿಂದ ಬಂದ ಧಾರೆಗಳನ್ನು ಲೆಕ್ಕ ಹಾಕಿ ಬೆರೆಸಿದಾಗ ಪಂಪಿಗೆ ಬರುವ ಪೆಟ್ರೋಲಾಗುತ್ತದೆ. ಕರ್ನಾಟಕದ ಏಕೈಕ ದೊಡ್ಡ ಶುದ್ಧೀಕರಣಾಗಾರವಾದ ಮಂಗಳೂರಿನ ಎಂಆರ್‌ಪಿಎಲ್ 1996ರಲ್ಲಿ ಶುರುವಾದದ್ದು, 2003ರಲ್ಲಿ ಒಎನ್‌ಜಿಸಿಯ ತೆಕ್ಕೆಗೆ ಬಂತು. ಅಲ್ಲಿಂದ ಹಾಸನದ ಮೇಲೆ ಬೆಂಗಳೂರು ಬಳಿಯ ದೇವನಗೊಂದಿಗೆ ಕೊಳವೆಮಾರ್ಗವಿದೆ. ಕೃಷ್ಣಾ–ಭೀಮಾ ಸೀಮೆಗೆ ಹತ್ತಿರವಾದದ್ದು ಮಾತ್ರ ಮುಂಬೈಯ ಧಾರೆ.

ಸೀಸದ ಕಾಲ

ಪ್ಲಾಟಿನಂ ದಾರಿ ತೆರೆಯುವ ಮೊದಲೇ ಸುಲಭದ ದಾರಿಯೊಂದು ಸಿಕ್ಕಿತ್ತು. ಜನರಲ್ ಮೋಟರ್ಸ್‌ನ ಥಾಮಸ್ ಮಿಡ್‌ಗ್ಲಿ ಒಹಾಯೊದ ಡೇಟನ್‌ನಲ್ಲಿ ಬಗೆಬಗೆಯ ವಸ್ತುಗಳನ್ನು ಇಂಜಿನ್ನಿಗೆ ಹಾಕಿ ನೋಡುತ್ತ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸದ ಗುಣವನ್ನು ಕಂಡರು. ಲೀಟರಿಗೆ ಒಂದು ಗ್ರಾಮಿಗಿಂತ ಕಡಿಮೆ ಹಾಕಿದರೂ ಬಡಿತ ನಿಲ್ಲುತ್ತಿತ್ತು. ಸಿಲಿಂಡರಿನಲ್ಲಿ ಅದು ಒಡೆದು ಸೀಸದ ಆಕ್ಸೈಡಿನ ಸೂಕ್ಷ್ಮ ಕಣಗಳಾಗುತ್ತದೆ. ಆ ಕಣಗಳು ಸ್ವಯಂದಹನದ ಸರಪಳಿ ಕ್ರಿಯೆಯನ್ನು ನಡುವೆಯೇ ಕತ್ತರಿಸುತ್ತವೆ. ಆಲ್ಕೋಹಾಲೂ ಬಡಿತ ತಡೆಯುತ್ತದೆಂಬುದು ಆ ಪ್ರಯೋಗಾಲಯಕ್ಕೆ ತಿಳಿದೇ ಇತ್ತು. ಆದರೆ ಆಲ್ಕೋಹಾಲನ್ನು ಲೀಟರುಗಟ್ಟಲೆ ಬೆರೆಸಬೇಕು, ಅದರ ಮೇಲೆ ಏಕಸ್ವಾಮ್ಯ ಸಿಗುವುದಿಲ್ಲ. ಸೀಸವನ್ನು ಚಮಚದಷ್ಟು ಹಾಕಿದರೆ ಸಾಕು, ಪೇಟೆಂಟೂ ಸಿಗುತ್ತದೆ. 1923ರಲ್ಲಿ ಸೀಸದ ಪೆಟ್ರೋಲ್ ಮಾರಾಟಕ್ಕೆ ಬಂತು. ಮರುವರ್ಷ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಂಡು ಸತ್ತರು. ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ, ಮುಂದೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಬೀದಿಗಳ ಮೇಲೆ ಸೀಸ ಉದುರಿತು.

ಭಾರತದಲ್ಲಿ ಸೀಸವಿಲ್ಲದ ಪೆಟ್ರೋಲ್ 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಿಗೆ ಬಂತು. ಅದಕ್ಕೆ ತಕ್ಷಣದ ಕಾರಣ ಮಕ್ಕಳ ಆರೋಗ್ಯವಲ್ಲ, ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಸೀಸದಿಂದ ಕೆಡುತ್ತಿತ್ತು. ಆರೋಗ್ಯದ ಪ್ರಶ್ನೆಯನ್ನು ದೇಶದ ಮುಂದೆ ಗಟ್ಟಿಯಾಗಿ ಇಟ್ಟದ್ದು ಬೆಂಗಳೂರು. ಜಾರ್ಜ್ ಪ್ರತಿಷ್ಠಾನ 1990ರ ದಶಕದ ಕೊನೆಯಲ್ಲಿ ಏಳು ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಗಳಲ್ಲಿ, ಹನ್ನೆರಡು ವರ್ಷದೊಳಗಿನ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟವಾದ ಡೆಸಿಲೀಟರಿಗೆ 10 ಮೈಕ್ರೊಗ್ರಾಮನ್ನು ಮೀರಿತ್ತು. ಸೀಸದ ವಿಷಬಾಧೆಯ ರಾಷ್ಟ್ರೀಯ ಕೇಂದ್ರವೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ ನೆಲೆಗೊಂಡಿತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಜಗತ್ತಿನಲ್ಲಿ ಕಡೆಯದಾಗಿ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು. ಮಗುವಿನ ಕಲಿಯುವ ಶಕ್ತಿಯನ್ನು ಕುಂದಿಸುವ ಲೋಹವೊಂದನ್ನು ಇಂಜಿನ್ನಿನ ಸದ್ದು ಅಡಗಿಸಲು ಇಷ್ಟು ಕಾಲ ಬಳಸಿದ್ದು ಇಂಧನ ಚರಿತ್ರೆಯ ಅತಿ ದೊಡ್ಡ ಅನ್ಯಾಯ ಎಂಬುದರಲ್ಲಿ ಅನುಮಾನ ಬೇಡ.

ಸೀಸ ಬಿಟ್ಟ ಜಾಗವನ್ನು ತುಂಬಿದ್ದು ರಿಫಾರ್ಮೇಟಿನ ಉಂಗುರ ಸಂಯುಕ್ತಗಳು. ಅವುಗಳಲ್ಲಿ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುವುದರಿಂದ ಅದನ್ನು ನೂರಕ್ಕೆ 1ಕ್ಕೆ, ಒಟ್ಟು ಉಂಗುರ ಸಂಯುಕ್ತಗಳನ್ನು ನೂರಕ್ಕೆ 35ಕ್ಕೆ ಕಟ್ಟಿಹಾಕಲಾಗಿದೆ. ಎಂಟಿಬಿಇ ಎಂಬ ಈಥರ್ ಅಮೆರಿಕದಲ್ಲಿ ಕೆಲಕಾಲ ಮೆರೆದು, ಅಂತರ್ಜಲಕ್ಕೆ ಇಳಿದು ನೀರಿನ ರುಚಿ ಕೆಡಿಸಿದ್ದರಿಂದ ಕ್ಯಾಲಿಫೋರ್ನಿಯದಂಥ ರಾಜ್ಯಗಳಲ್ಲಿ ನಿಷೇಧಗೊಂಡಿತು. ಉಳಿದದ್ದು ಮಿಡ್‌ಗ್ಲಿಯ ಕಾಲದಲ್ಲಿ ಬದಿಗೆ ಸರಿಸಿದ್ದ ಆಲ್ಕೋಹಾಲು.

ಕಬ್ಬಿನಿಂದ ಬಂದ ಆಕ್ಟೇನ್

ಭಾರತಕ್ಕೆ ಇದು ತೀರ ಹೊಸದಲ್ಲ. ಇಂಧನಕ್ಕೆ ಆಲ್ಕೋಹಾಲು ಬೆರೆಸಲು 1948ರಲ್ಲೇ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಬಳಕೆ ತಪ್ಪಿ 2000ದಲ್ಲಿ ಅದು ರದ್ದಾಯಿತು. ಮರುವರ್ಷವೇ ಮತ್ತೆ ಪ್ರಯೋಗ ಶುರುವಾಯಿತು. 2001ರಲ್ಲಿ ಆರಿಸಿಕೊಂಡ ಮೂರು ಜಾಗಗಳಲ್ಲಿ ಎರಡು ಮಹಾರಾಷ್ಟ್ರದವು: ಮನಮಾಡ ಮತ್ತು ನಮ್ಮ ಸೀಮೆಗೆ ಹತ್ತಿರದ ಮಿರಜ. 2003ರ ಜನವರಿಯಿಂದ ಮಹಾರಾಷ್ಟ್ರ, ಕರ್ನಾಟಕಗಳೂ ಸೇರಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5 ಪಾಲು ಬೆರೆಸುವುದೆಂದಾಯಿತು. ಎಥನಾಲು ಸಾಕಷ್ಟು ಸಿಗದೆ ಬಹುಕಾಲ ಅದು ಕುಂಟಿತು. 2018ರ ಜೈವಿಕ ಇಂಧನ ನೀತಿ ಕಬ್ಬಿನ ಹಾಲಿನಿಂದಲೂ ಸಕ್ಕರೆ ಹೆಚ್ಚು ಉಳಿದ ಬಿ ದರ್ಜೆಯ ಕಾಕಂಬಿಯಿಂದಲೂ ಎಥನಾಲು ತೆಗೆಯಲು ಬಿಟ್ಟ ಮೇಲೆ ವೇಗ ಬಂತು. 2022ರ ಜೂನಿನಲ್ಲಿ ಸರಾಸರಿ ನೂರಕ್ಕೆ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿಯವರು ನೂರಕ್ಕೆ 20 ಪಾಲಿನ ಪೆಟ್ರೋಲಿಗೆ ಚಾಲನೆ ಕೊಟ್ಟಾಗ ಅದು 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಪಂಪುಗಳಲ್ಲಿತ್ತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ 2025ರಲ್ಲೇ ಕೈಗೂಡಿತು.

ಸೊಲ್ಲಾಪುರ ಜಿಲ್ಲೆಯ ಸಕ್ಕರೆಯ ಚರಿತ್ರೆ ಮಾಳಶಿರಸ ತಾಲ್ಲೂಕಿನಿಂದ ಶುರುವಾಗುತ್ತದೆ. ಸಾಸವಡದ ಮಾಳಿ ರೈತರು ಮಾಳಿನಗರದಲ್ಲಿ 1932ರಲ್ಲಿ ಕಟ್ಟಿದ ಕಂಪನಿ, 1934ರಲ್ಲಿ ಶ್ರೀಪುರದ ಬೃಹನ್ಮಹಾರಾಷ್ಟ್ರ ಶುಗರ್ ಸಿಂಡಿಕೇಟ್, ಆಮೇಲೆ ಅಕಲೂಜಿನ ಸಹಕಾರಿ ಕಾರ್ಖಾನೆ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಮುಗಿದ ಮೇಲೆ ಕಬ್ಬು ಪೂರ್ವಕ್ಕೆ ಸರಿಯಿತು. ದಕ್ಷಿಣ ಸೊಲ್ಲಾಪುರದ ಭಂಡಾರಕವಟೆ, ಧೋತ್ರಿ, ಆಚೇಗಾಂವಗಳಲ್ಲಿ, ಅಕ್ಕಲಕೋಟೆ ತಾಲ್ಲೂಕಿನ ದಹಿಟಣೆಯಲ್ಲಿ ಕಾರ್ಖಾನೆಗಳು ಎದ್ದವು. ಗಡಿಯಾಚೆ ಅಫಜಲಪುರ ತಾಲ್ಲೂಕಿನ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರಿನ ಕಾರ್ಖಾನೆಗಳಿವೆ. ಯಾವ ಕಾರ್ಖಾನೆ ಮೊದಲು ನುರಿಸುತ್ತದೆ, ಯಾವುದು ಟನ್ನಿಗೆ ನಾಲ್ಕು ಕಾಸು ಹೆಚ್ಚು ಕೊಡುತ್ತದೆ, ಯಾವುದು ಬಿಲ್ಲನ್ನು ಬಾಕಿ ಇಡುವುದಿಲ್ಲ ಎಂದು ನೋಡುವ ರೈತನಿಗೆ ರಾಜ್ಯದ ಗೆರೆ ಅಡ್ಡಿಯಾಗುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ಹೊರರಾಜ್ಯಕ್ಕೆ ಕಬ್ಬು ಸಾಗಿಸುವುದನ್ನು ತಡೆಯುವ ಆದೇಶ ಹೊರಡಿಸಿ, ರೈತ ಸಂಘಟನೆಗಳು ಎದ್ದು ನಿಂತಾಗ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು.

ಒಂದು ಟನ್ ಕಬ್ಬು ನುರಿಸಿ ಸಕ್ಕರೆಯನ್ನು ಪೂರ್ತಿ ತೆಗೆದ ಮೇಲೆ ಉಳಿಯುವ ಸಿ ದರ್ಜೆಯ ಕಾಕಂಬಿಯಿಂದ ಹತ್ತು–ಹನ್ನೊಂದು ಲೀಟರ್ ಎಥನಾಲು ಸಿಗುತ್ತದೆ. ಬಿ ದರ್ಜೆಯಲ್ಲಿ ನಿಲ್ಲಿಸಿದರೆ ಇಪ್ಪತ್ತು ಲೀಟರ್. ಸಕ್ಕರೆ ಮಾಡದೆ ಹಾಲನ್ನೇ ಹುದುಗಿಸಿದರೆ ಎಪ್ಪತ್ತು ಲೀಟರ್. 2022–23ರಲ್ಲಿ ತೈಲ ಕಂಪನಿಗಳು ಕೊಡಬೇಕಿದ್ದ ದರ ಸಿ ದರ್ಜೆಗೆ ಲೀಟರಿಗೆ ₹49.41, ಬಿ ದರ್ಜೆಗೆ ₹60.73, ಹಾಲಿನಿಂದ ತೆಗೆದದ್ದಕ್ಕೆ ₹65.61. ಹುದುಗಿಸಿದ ದ್ರವವನ್ನು ಎಷ್ಟು ಸಲ ಬಟ್ಟಿ ಇಳಿಸಿದರೂ ಆಲ್ಕೋಹಾಲು ನೂರಕ್ಕೆ 95–96ರ ಮೇಲೆ ಏರುವುದಿಲ್ಲ. ಉಳಿದ ನೀರು ಅದರೊಂದಿಗೇ ಆವಿಯಾಗುತ್ತದೆ. ಆ ನೀರನ್ನು ಜಿಯೊಲೈಟ್ ಹರಳುಗಳ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಟ್ಟು ಆಲ್ಕೋಹಾಲನ್ನು 99.6ರ ಮೇಲಕ್ಕೆ ತರುತ್ತಾರೆ. ಒಂದು ಲೀಟರ್ ಆಲ್ಕೋಹಾಲಿನ ಬೆನ್ನಿಗೆ ಹತ್ತು ಲೀಟರಿನಷ್ಟು ಕಡುಕಂದು ಸ್ಪೆಂಟ್‌ವಾಶ್ ಉಳಿಯುತ್ತದೆ. ಒಂದು ಕಾಲಕ್ಕೆ ಹಳ್ಳಕ್ಕೆ ಹರಿದು ಬಾವಿಗಳನ್ನು ಕೆಡಿಸುತ್ತಿದ್ದ ಈ ನೀರನ್ನು ಈಗ ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಡಬೇಕು ಎಂಬ ನಿಯಮವಿದೆ. ಅದರ ಬೂದಿಯಲ್ಲಿ ಪೊಟ್ಯಾಶ್ ಗೊಬ್ಬರವಿರುತ್ತದೆ. ನಿಯಮ ಎಷ್ಟು ಪಾಲನೆಯಾಗುತ್ತಿದೆ ಎಂಬುದನ್ನು ಕಾರ್ಖಾನೆಯ ಸುತ್ತಲಿನ ಊರವರನ್ನು ಕೇಳಿಯೇ ತಿಳಿಯಬೇಕು.

ಎಥನಾಲನ್ನು ಮುಂಬೈಯಲ್ಲೇ ಬೆರೆಸಿ ಕೊಳವೆಯಲ್ಲಿ ಕಳಿಸಬಾರದೇಕೆ? ಅದು ನೀರನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲು, ಡೀಸೆಲ್ಲು ಒಂದರ ಹಿಂದೆ ಒಂದು ಹರಿಯುವ ಉದ್ದನೆಯ ಕೊಳವೆಯಲ್ಲಿ ಎಲ್ಲೋ ನಿಂತ ನೀರು ಸಿಕ್ಕರೆ ಮಿಶ್ರಣ ಕೆಡುತ್ತದೆ. ಆದ್ದರಿಂದ ಬೆರೆಸುವ ಕೆಲಸ ಡಿಪೋದಲ್ಲೇ ನಡೆಯುತ್ತದೆ. ಸೊಲ್ಲಾಪುರದ ಮಟ್ಟಿಗೆ ಇದು ಸಲೀಸು: ಎಥನಾಲಿನ ಮೂಲ ಪಕ್ಕದಲ್ಲೇ ಇದೆ.

ಎಥನಾಲಿನ ರಿಸರ್ಚ್ ಆಕ್ಟೇನ್ ಸುಮಾರು 108. ಪೆಟ್ರೋಲಿಗೆ ಬೆರೆತಾಗ ಅದರ ಪರಿಣಾಮ ತನ್ನ ಸಂಖ್ಯೆಗಿಂತಲೂ ಹೆಚ್ಚು. ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡೂವರೆ ಪಟ್ಟು ಶಾಖ ಹೀರಿ ಸಿಲಿಂಡರನ್ನು ತಂಪು ಮಾಡುವುದರಿಂದಲೂ ಬಡಿತ ತಗ್ಗುತ್ತದೆ. ಸೊಲ್ಲಾಪುರದ ಬೇಸಿಗೆಗೆ ಇದು ಹೇಳಿ ಮಾಡಿಸಿದ ಗುಣ. ಭಾರತ್ ಸ್ಟೇಜ್ 6ರ 91ರಿಂದ, ನೂರಕ್ಕೆ 20 ಎಥನಾಲಿನೊಂದಿಗೆ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಹೇಳಿತು. ಆದರೆ ಏರಿದ ಆಕ್ಟೇನಿನ ಲಾಭ ಸಿಗುವುದು ಹೆಚ್ಚು ಅದುಮುವಂತೆ ಕಟ್ಟಿದ ಇಂಜಿನ್ನಿಗೆ ಮಾತ್ರ. ಹಳೆಯ ಸ್ಪ್ಲೆಂಡರ್ ಬೈಕಿಗೆ 91 ಸಾಕಾಗಿತ್ತು. ಅದಕ್ಕೆ 95 ಕೊಟ್ಟರೆ ಉಪಯೋಗವಿಲ್ಲ, ಶಕ್ತಿ ಕಡಿಮೆಯಾದದ್ದು ಮಾತ್ರ ಉಳಿಯುತ್ತದೆ.

ಲೆಕ್ಕ ಕಷ್ಟದ್ದಲ್ಲ. ಪೆಟ್ರೋಲಿನಲ್ಲಿ ಲೀಟರಿಗೆ ಸುಮಾರು 32 ಮೆಗಾಜೂಲ್, ಎಥನಾಲಿನಲ್ಲಿ 21. ಎಂಟು ಪಾಲು ಅದು, ಎರಡು ಪಾಲು ಇದು ಸೇರಿದರೆ ಲೀಟರಿಗೆ 30ಕ್ಕೆ ತುಸು ಕಡಿಮೆ. ಅಂದರೆ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ 6–7ರಷ್ಟು, 10 ಪಾಲಿನ ಮಿಶ್ರಣಕ್ಕಿಂತ ಮೂರೂವರೆಯಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಲ್ಲಿ 6–7, ಬೈಕುಗಳಲ್ಲಿ 3–4, ಹೊಸದಾಗಿ ಹೊಂದಿಸಿದ ಕಾರುಗಳಲ್ಲಿ 1–2 ಇಳಿಕೆ ಎಂದಿತ್ತು. ಶುದ್ಧ ಪೆಟ್ರೋಲಿನಲ್ಲಿ ಲೀಟರಿಗೆ 60 ಕಿಲೋಮೀಟರ್ ಓಡುತ್ತಿದ್ದ ಬೈಕು 56–58ಕ್ಕೆ ಇಳಿದರೆ ಅದು ಪಂಪಿನವನ ಮೋಸವಲ್ಲ, ಭೌತಶಾಸ್ತ್ರ. ಇಳಿಕೆ ಅರ್ಧಕ್ಕರ್ಧ ಎಂದು ಹಬ್ಬಿಸುವ ಮಾತಿಗೆ ಆಧಾರವಿಲ್ಲ. ಇಳಿಕೆಯೇ ಇಲ್ಲ ಎನ್ನುವುದೂ ಸರಿಯಲ್ಲ. ಶಕ್ತಿ ಕಡಿಮೆಯಾದ ಲೀಟರಿಗೆ ಬೆಲೆಯನ್ನು ಮಾತ್ರ ಇಳಿಸದೆ ಇದ್ದದ್ದರಿಂದ ಗ್ರಾಹಕರಿಗೆ ನಷ್ಟವಾಗಿದೆ ಎಂಬ ದೂರಿನಲ್ಲಿ ಹುರುಳಿದೆ. ಆಯ್ಕೆಗೆ ಎಥನಾಲಿಲ್ಲದ ಪೆಟ್ರೋಲೂ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು.

ನೀರಿನ ಅಪಾಯ ಮಳೆಗಾಲದಲ್ಲಿ. ಎಥನಾಲು ಬೆರೆತ ಪೆಟ್ರೋಲು ಅತ್ಯಲ್ಪ ನೀರನ್ನು ಕರಗಿಸಿಕೊಂಡು ಇರಬಲ್ಲದು. ಮಿತಿ ಮೀರಿದರೆ ಎಥನಾಲು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಆಗ ತಳದ್ದು ಉರಿಯುವುದಿಲ್ಲ, ಮೇಲಿನದರ ಆಕ್ಟೇನ್ ಬಿದ್ದುಹೋಗಿರುತ್ತದೆ. 2023ರ ಏಪ್ರಿಲಿನಿಂದ ಬಂದ ವಾಹನಗಳ ರಬ್ಬರು, ಪ್ಲಾಸ್ಟಿಕ್ಕುಗಳನ್ನು 20 ಪಾಲಿಗೆ ತಾಳುವಂತೆ ಮಾಡಲಾಗಿದೆ. ಅದಕ್ಕೂ ಹಿಂದಿನವುಗಳಲ್ಲಿ ಪೆಟ್ರೋಲ್ ಪೈಪು, ಕಾರ್ಬುರೇಟರಿನ ವಾಷರುಗಳನ್ನು ನೋಡಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ನೀರಿನ ಲೆಕ್ಕ ಇದಕ್ಕಿಂತ ದೊಡ್ಡದು. ಸಕ್ಕರೆಯ ಮೂಲದ ಒಂದು ಲೀಟರ್ ಎಥನಾಲಿಗೆ 2,860 ಲೀಟರ್ ನೀರು ಬೇಕು ಎನ್ನುತ್ತದೆ ಅದೇ ನೀತಿ ಆಯೋಗದ ವರದಿ. ಮಂಗಳವೇಢೆಯ ಮಾಲದಂಡಿ ಜೋಳಕ್ಕೂ ಸೊಲ್ಲಾಪುರದ ದಾಳಿಂಬೆಗೂ ಹೆಸರಾದ, ಮಳೆ ಕೈಕೊಡುವುದನ್ನೇ ಉಂಡು ಬೆಳೆದ ಜಿಲ್ಲೆಯಿದು. 2023ರಲ್ಲಿ ಮಳೆ ಸೋತಾಗ ಏನಾಯಿತು ನೋಡಿ: ಸಕ್ಕರೆ ಕೊರತೆಯಾದೀತೆಂದು ಕೇಂದ್ರ ಸರಕಾರ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥನಾಲು ತೆಗೆಯುವುದನ್ನೇ ನಿಲ್ಲಿಸಿತು, ವಾರದಲ್ಲಿ ಒಂದಿಷ್ಟು ಸಡಿಲಿಸಿತು, 2024ರ ಆಗಸ್ಟಿನಲ್ಲಿ ಪೂರ್ತಿ ತೆರವು ಮಾಡಿತು. ಸಾಲ ಮಾಡಿ ಡಿಸ್ಟಿಲರಿ ಕಟ್ಟಿದ ಕಾರ್ಖಾನೆಗಳು ಅಷ್ಟರಲ್ಲಿ ಒಂದು ಹಂಗಾಮು ಕಳೆದುಕೊಂಡಿದ್ದವು. ಈ ನಡುವೆ ಎಥನಾಲಿನ ದೊಡ್ಡ ಪಾಲು ಮೆಕ್ಕೆಜೋಳಕ್ಕೆ ಹೋಯಿತು. ಒಣಭೂಮಿಯ ಅಕ್ಕಲಕೋಟೆಗೆ ದೀರ್ಘಕಾಲದಲ್ಲಿ ಒಪ್ಪುವ ದಾರಿ ಕಾಕಂಬಿ ಮತ್ತು ಧಾನ್ಯದ ಎಥನಾಲು; ಹೊಸ ಕಬ್ಬಿನ ಗದ್ದೆಯಲ್ಲ.

ಉಳಿದ ಸೇರ್ಪಡೆಗಳು, ಕಲಬೆರಕೆ

ಆಕ್ಟೇನ್ ಏರಿಸದ ಸೇರ್ಪಡೆಗಳೂ ಇವೆ: ಇಂಜೆಕ್ಟರು ಮತ್ತು ವಾಲ್ವಿಗೆ ಕರಿ ಕಟ್ಟದಂತೆ ತೊಳೆಯುವ ಡಿಟರ್ಜೆಂಟು, ಪೆಟ್ರೋಲು ಹಳಸಿ ಅಂಟಾಗದಂತೆ ನೋಡುವ ರಾಸಾಯನಿಕ, ತುಕ್ಕು ತಡೆಯುವುದು. ದುಬಾರಿ ಪ್ರೀಮಿಯಂ ಪೆಟ್ರೋಲುಗಳಲ್ಲಿ ಕೆಲವು ಇಂಥ ಸೇರ್ಪಡೆ ಹೆಚ್ಚಿರುವವು, ಕೆಲವು 95, 97, 100ರಂತೆ ಆಕ್ಟೇನೇ ಹೆಚ್ಚಿರುವವು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಪೆಟ್ರೋಲ್ ತಂದಿತು. ವಾಹನದ ಕೈಪಿಡಿ ಕೇಳದಿದ್ದರೆ ಇವುಗಳಿಗೆ ಹಣ ಹಾಕಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ ಶೀಶೆಗಳೂ ಇದೇ ಬಗೆಯವು. ಕಬ್ಬಿಣ, ಮ್ಯಾಂಗನೀಸ್ ಸಂಯುಕ್ತಗಳಿರುವಂಥವು ಪ್ಲಗ್ಗು, ಕನ್ವರ್ಟರುಗಳ ಮೇಲೆ ಕಲೆ ಬಿಡುತ್ತವೆ.

ಆಕ್ಟೇನನ್ನು ಕೆಡಿಸುವ ಬೆರಕೆಯ ಕಥೆ ಕಹಿಯಾದದ್ದು. ರೇಷನ್ ಸೀಮೆಎಣ್ಣೆ ಅಗ್ಗವಿದ್ದ ದಿನಗಳಲ್ಲಿ ಅದನ್ನೂ ನಾಫ್ತಾವನ್ನೂ ಪೆಟ್ರೋಲಿಗೆ ಸುರಿಯುವ ಜಾಲ ದೇಶದ ಉದ್ದಗಲಕ್ಕೂ ಇತ್ತು. ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ್ದ ಇಂಡಿಯನ್ ಆಯಿಲ್ ಅಧಿಕಾರಿ ಷಣ್ಮುಗಂ ಮಂಜುನಾಥ್, ಉತ್ತರ ಪ್ರದೇಶದಲ್ಲಿ ಕಲಬೆರಕೆ ನಡೆಸುತ್ತಿದ್ದ ಪಂಪನ್ನು ಮುಚ್ಚಿಸಿದ್ದಕ್ಕೆ 2005ರ ನವೆಂಬರ್ 19ರಂದು ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ 27 ವರ್ಷ. ಮಹಾರಾಷ್ಟ್ರದ ಮನಮಾಡದಲ್ಲಿ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ತೈಲ ಕಳ್ಳರು 2011ರ ಜನವರಿ 25ರಂದು ಜೀವಂತ ಸುಟ್ಟರು. ಎಥನಾಲಿನ ಮೊದಲ ಪ್ರಯೋಗ ನಡೆದ ಅದೇ ಮನಮಾಡ. ಪಂಪಿನಲ್ಲಿ ಫಿಲ್ಟರ್ ಕಾಗದ ಕೇಳುವ ಹಕ್ಕು ಗ್ರಾಹಕರಿಗಿದೆ: ಒಂದು ಹನಿ ಪೆಟ್ರೋಲ್ ಹಾಕಿದರೆ ಅದು ಕಲೆ ಉಳಿಸದೆ ಆರಬೇಕು.

ಗಡಿ ಊರಿನವರು ಪೆಟ್ರೋಲಿಗೆ ಆಚೆ ಹೋಗುವುದು ಗುಣಕ್ಕಾಗಿ ಅಲ್ಲ, ದರಕ್ಕಾಗಿ. ಮಹಾರಾಷ್ಟ್ರದ ತೆರಿಗೆ ಹೆಚ್ಚಿದ್ದರಿಂದ ಇಂಡಿ, ಆಳಂದ, ಅಫಜಲಪುರದ ಕಡೆಯ ಪಂಪುಗಳಲ್ಲಿ ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತಿತ್ತು. 2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 25.92ರಿಂದ 29.84ಕ್ಕೆ ಏರಿಸಿದ ಮೇಲೆ ಆ ಅಂತರ ಕಿರಿದಾಯಿತು. ಎರಡೂ ಕಡೆಯ ಪೆಟ್ರೋಲಿಗೆ ಮಾನದಂಡ ಒಂದೇ.

ಇಷ್ಟೆಲ್ಲ ಆದ ಮೇಲೂ ಸಾಮಾನ್ಯ ಪೆಟ್ರೋಲಿನ ನಳಿಕೆಯ ಮೇಲೆ ಆಕ್ಟೇನ್ ಸಂಖ್ಯೆ ಬರೆದಿರುವುದು ಅಪರೂಪ. ಕೊಳ್ಳುವವರಿಗೆ ತಾವು ಏನು ಕೊಳ್ಳುತ್ತಿದ್ದೇವೆ ಎಂದು ತಿಳಿಯಬೇಕು. ಪ್ರತಿ ಪಂಪಿನಲ್ಲೂ ಆಕ್ಟೇನ್ ಎಷ್ಟು, ಎಥನಾಲು ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆಯಲಿ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದಲ್ಲಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಬರೆಯಲಿ.